ಸಿಸೇರಿಯನ್ ಮಗುವಿನ ಏದುಸಿರು, ಮುಂದಿನ ಹೆರಿಗೆಯ ತಾರೀಖು

ಪ್ರಶ್ನೆ: ನನಗೆ 27 ವರ್ಷ, ಹಾವೇರಿ ಜಿಲ್ಲೆಯವಳು. ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯದಕ್ಕೂ 37 ವಾರ 3 ದಿನಕ್ಕೆ ತಾರೀಖು ಗೊತ್ತುಮಾಡಿ, ನೋವು ಬರುವ ಮೊದಲೇ ಆಪರೇಷನ್ ಮಾಡಿದರು. ಗಂಡು ಮಗು, 2.9 ಕಿಲೋ. ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತ. ಅರ್ಧ ಗಂಟೆಯಲ್ಲಿ ಏದುಸಿರು, ನರಳುವ ಸದ್ದು ಶುರುವಾಗಿ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಯ್ದರು. ‘ಮಗು ನೀರು ಕುಡಿದಿದೆ’ ಎಂದು ಮನೆಯವರಿಗೆ ಹೇಳಿದರಂತೆ. ಒಂದು ದಿನ ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ), ಮರುದಿನ ಮೂಗಿನ ನಳಿಕೆಯಲ್ಲಿ ಆಕ್ಸಿಜನ್, ಎರಡು ದಿನ ಆಂಟಿಬಯಾಟಿಕ್. ನಾಲ್ಕನೆಯ ದಿನ ನನ್ನ ಮಡಿಲಿಗೆ ಕೊಟ್ಟರು. ಈಗ 24 ದಿನ. ಹಾಲು ಕುಡಿಯುತ್ತಾನೆ, ತೂಕವೂ ಏರಿದೆ. ಆದರೆ ಮಲಗಿದಾಗ ಬೇಗ ಬೇಗ ಉಸಿರಾಡಿ, ಸ್ವಲ್ಪ ನಿಲ್ಲಿಸಿ, ಮತ್ತೆ ಶುರುಮಾಡುತ್ತಾನೆ. ಮೂಗು ಗೊರಗೊರ ಅನ್ನುತ್ತದೆ. ಬಸುರಿಯಲ್ಲಿ ಮೊಸರು, ಸೌತೆಕಾಯಿ ತಿಂದದ್ದಕ್ಕೇ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಎಂದು ಅಮ್ಮ. ಶ್ವಾಸಕೋಶ ದುರ್ಬಲವಾಗಿದೆಯೇ? ಮುಂದೆ ಆಸ್ತಮಾ ಬರುತ್ತದೆಯೇ? ನನ್ನ ನಾದಿನಿಗೂ ಮೊದಲನೆಯದು ಸಿಸೇರಿಯನ್. ಮುಂದಿನ ತಿಂಗಳು, 37 ವಾರ ತುಂಬುವ ಹೊತ್ತಿಗೆ ಒಳ್ಳೆಯ ಮುಹೂರ್ತ ಇದೆಯೆಂದು ದಿನ ಗೊತ್ತುಮಾಡಿದ್ದಾರೆ. ಅವಳ ಮಗುವಿಗೆ ಹೀಗಾಗದಂತೆ ಏನು ಮಾಡಬಹುದು?

ಉತ್ತರ: ಆಗಿಹೋದದ್ದಕ್ಕೆ ಕಾರಣವೇನು, ಅದರ ಪರಿಣಾಮ ಮಗುವಿನಲ್ಲಿ ಉಳಿದಿದೆಯೇ ಎಂಬುದು ನಿಮ್ಮ ಚಿಂತೆ. ನಾದಿನಿಯ ವಿಷಯವನ್ನು ಕೊನೆಗೆ ಕೇಳಿದ್ದೀರಿ. ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಬದಲಾಯಿಸಲು ಇನ್ನೂ ಸಮಯವಿದೆ. ಆದರೂ ನಿಮ್ಮ ಮಗುವಿನಿಂದಲೇ ಶುರುಮಾಡೋಣ.

ಹುಟ್ಟಿದಾಗ ಚೆನ್ನಾಗಿ ಅತ್ತ ಮಗುವಿಗೆ ಒಂದೆರಡು ಗಂಟೆಯೊಳಗೆ ಏದುಸಿರು ಬಂದು, ಸ್ವಲ್ಪ ಆಸರೆ ಕೊಟ್ಟ ಮೇಲೆ ಎರಡು ಮೂರು ದಿನದಲ್ಲಿ ತಾನಾಗಿ ಇಳಿದರೆ, ಅದು ಬಹುಮಟ್ಟಿಗೆ ನವಜಾತ ಶಿಶುವಿನ ತಾತ್ಕಾಲಿಕ ಏದುಸಿರು. ನಿಮ್ಮ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ, ‘ಟಿಟಿಎನ್’ ಎಂಬ ಮೂರು ಅಕ್ಷರ ಇರಬಹುದು. 1966ರಲ್ಲಿ ಅಮೆರಿಕದ ಮಕ್ಕಳ ವೈದ್ಯೆ ಮೇರಿ ಎಲೆನ್ ಏವರಿ ಮತ್ತು ಸಂಗಡಿಗರು ಇದನ್ನು ಪ್ರತ್ಯೇಕ ಸಮಸ್ಯೆಯಾಗಿ ಗುರುತಿಸಿ ವಿವರಿಸಿದರು. ನೋವು ಬರುವ ಮೊದಲೇ ಸಿಸೇರಿಯನ್ ಆದ ಮಕ್ಕಳಲ್ಲಿ ಇದು ಹೆಚ್ಚು. ಗಂಡು ಮಕ್ಕಳಲ್ಲಿ, ಅವಳಿಗಳಲ್ಲಿ, ತಾಯಿಗೆ ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇದ್ದಾಗ ಇನ್ನೂ ಸ್ವಲ್ಪ ಹೆಚ್ಚು.

‘ನೀರು ಕುಡಿದಿದೆ’ ಎಂಬ ಮಾತನ್ನು ಆಸ್ಪತ್ರೆಗಳಲ್ಲಿ ಅವಸರಕ್ಕೆ ಹೇಳಿಬಿಡುತ್ತಾರೆ. ಕೇಳಿದವರಿಗೆ ಮಗು ಏನೋ ತಪ್ಪಾಗಿ ನುಂಗಿತು, ಡಾಕ್ಟರು ತಡಮಾಡಿದರು ಎಂಬ ಅರ್ಥ ಬರುತ್ತದೆ. ನಿಜ ಸಂಗತಿ ಬೇರೆ. ಗರ್ಭದಲ್ಲಿರುವಾಗ ಪ್ರತಿ ಮಗುವಿನ ಶ್ವಾಸಕೋಶದಲ್ಲೂ ನೀರು ತುಂಬಿಯೇ ಇರುತ್ತದೆ. ಅದು ಹೊರಗಿನಿಂದ ಒಳಹೋದದ್ದಲ್ಲ. ಶ್ವಾಸಕೋಶದ ಒಳಪದರದ ಜೀವಕೋಶಗಳೇ ಒಸರಿಸುವ ದ್ರವ. ಆ ನೀರಿನ ಒತ್ತಡವಿದ್ದರೇ ಶ್ವಾಸಕೋಶ ಬೆಳೆಯುವುದು. ಒಂದು ಕಿಲೋ ತೂಕಕ್ಕೆ 20ರಿಂದ 30 ಮಿ.ಲೀ. ಎಂದು ಲೆಕ್ಕ. ನಿಮ್ಮ ಮಗುವಿನ ತೂಕಕ್ಕೆ ಸುಮಾರು 60ರಿಂದ 85 ಮಿ.ಲೀ., ಅಂದರೆ ಒಂದು ಕಾಫಿ ಲೋಟದ ಹತ್ತಿರ.

ಹುಟ್ಟಿದ ಕ್ಷಣದಿಂದ ಆ ಜಾಗದಲ್ಲಿ ಗಾಳಿ ಇರಬೇಕು. ಅದಕ್ಕೆ ತಯಾರಿ ಹೆರಿಗೆಗೆ ಕೆಲವು ದಿನ ಮೊದಲೇ ಶುರುವಾಗುತ್ತದೆ. ನೋವು ಬಂದಾಗ ಮಗುವಿನ ಮೈಯಲ್ಲಿ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಏರುತ್ತವೆ. ಅವುಗಳ ಪ್ರಭಾವದಿಂದ, ಅಷ್ಟು ದಿನ ನೀರನ್ನು ಒಳಕ್ಕೆ ಒಸರಿಸುತ್ತಿದ್ದ ಜೀವಕೋಶಗಳು ಮೋಟರ್ ಉಲ್ಟಾ ತಿರುಗಿದ ಹಾಗೆ ಸೋಡಿಯಂ ಉಪ್ಪನ್ನೂ ಅದರ ಹಿಂದೆ ನೀರನ್ನೂ ಹೊರಕ್ಕೆ ಎಳೆಯತೊಡಗುತ್ತವೆ. ನೀರು ಗಾಳಿಚೀಲಗಳಿಂದ ಸುತ್ತಲಿನ ಅಂಗಾಂಶಕ್ಕೆ, ಅಲ್ಲಿಂದ ರಕ್ತಕ್ಕೆ ಮತ್ತು ದುಗ್ಧರಸ (ಲಿಂಫ್) ನಾಳಗಳಿಗೆ ಹೋಗುತ್ತದೆ. ಸಹಜ ಹೆರಿಗೆಯಲ್ಲಿ ಎದೆ ಹಿಂಡಿ ನೀರು ಬಾಯಿಂದ ಹೊರಬರುತ್ತದೆ, ಸಿಸೇರಿಯನ್ನಿನಲ್ಲಿ ಹಿಂಡುವುದಿಲ್ಲ ಎಂಬ ವಿವರಣೆಯನ್ನು ಈಗಲೂ ಕೇಳುತ್ತೇವೆ. ಹಿಂಡುವಿಕೆಯ ಪಾಲು ಚಿಕ್ಕದು. ದೊಡ್ಡ ಪಾಲು ಈ ಹಾರ್ಮೋನುಗಳದ್ದು. ಆದ್ದರಿಂದಲೇ ನೋವು ಶುರುವಾದ ಮೇಲೆ ಸಿಸೇರಿಯನ್ ಆದ ಮಕ್ಕಳಿಗೆ ಈ ತೊಂದರೆ ಕಡಿಮೆ.

ಇದು ತಿಳಿದರೆ ಇನ್ನೊಂದು ಅನುಮಾನವೂ ಹೋಗುತ್ತದೆ. ‘ಪೈಪ್ ಹಾಕಿ ಆ ನೀರನ್ನು ಹೀರಿ ತೆಗೆಯಬಹುದಿತ್ತಲ್ಲ?’ ಎಂದು ಎಷ್ಟೋ ತಂದೆಯರು ಕೇಳುತ್ತಾರೆ. ಆಗದು. ನೀರು ಶ್ವಾಸನಾಳದಲ್ಲಿ ನಿಂತಿರುವುದಿಲ್ಲ. ಗಾಳಿಚೀಲಗಳಲ್ಲಿ, ಅವುಗಳ ಸುತ್ತಲಿನ ಅಂಗಾಂಶದಲ್ಲಿ ಇಂಗಿರುತ್ತದೆ. ಬಾಯಿ ಮೂಗಿಗೆ ಮತ್ತೆ ಮತ್ತೆ ಪೈಪ್ ಹಾಕಿದರೆ ಒಳಗೆ ಗಾಯವಾದೀತು, ಎದೆಬಡಿತ ಇಳಿದೀತು. ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್ ಇಂಜೆಕ್ಷನ್ನನ್ನೂ ಪರೀಕ್ಷಿಸಿ ನೋಡಿದ್ದಾರೆ, ಉಪಯೋಗ ಕಂಡಿಲ್ಲ.

ಮೊಸರು, ಸೌತೆಕಾಯಿ, ಎಳನೀರು, ಬಾಳೆಹಣ್ಣು ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. ತಾಯಿ ತಿಂದ ತಂಪು ಮಗುವಿನ ಎದೆಗೆ ಇಳಿಯುವ ದಾರಿಯೇ ಇಲ್ಲ. ಬೆನ್ನಿನ ಇಂಜೆಕ್ಷನ್ ಕೂಡ ಕಾರಣವಲ್ಲ. ಆ ಔಷಧದ ಪ್ರಮಾಣ ತೀರಾ ಕಡಿಮೆ, ಅದು ಮಗುವಿನ ಉಸಿರನ್ನು ಕುಗ್ಗಿಸುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದಾಗ ಮಗು ಸ್ವಲ್ಪ ಮಂಕಾಗಿ ಹುಟ್ಟಬಹುದು. ಅದು ಬೇರೆ ವಿಷಯ, ಅಲ್ಲಿ ಉಸಿರು ನಿಧಾನವಾಗುತ್ತದೆಯೇ ಹೊರತು ಏದುಸಿರಾಗುವುದಿಲ್ಲ.

ಎನ್‌ಐಸಿಯುನಲ್ಲಿ ಮಾಡಿದ್ದು ಏಕೆ

ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. ಟಿಟಿಎನ್‌ನಲ್ಲಿ ಅದು 80, 100, ಕೆಲವೊಮ್ಮೆ 120ಕ್ಕೂ ಏರುತ್ತದೆ. ಮೂಗಿನ ಹೊಳ್ಳೆ ಅಗಲವಾಗುತ್ತದೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತದೆ. ನೀವು ಕೇಳಿದ ನರಳಿಕೆ ನೋವಿನದಲ್ಲ. ಉಸಿರು ಬಿಡುವಾಗ ಮಗು ಗಂಟಲನ್ನು ಅರ್ಧ ಮುಚ್ಚಿಕೊಳ್ಳುತ್ತದೆ. ಹಾಗೆ ಮಾಡಿದರೆ ಗಾಳಿಚೀಲಗಳು ಪೂರ್ತಿ ಮುದುಡುವುದಿಲ್ಲ. ಸಿಪ್ಯಾಪ್ ಯಂತ್ರ ಮಾಡುವುದೂ ಇದನ್ನೇ. ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಇರುವ ಬಬಲ್ ಸಿಪ್ಯಾಪ್‌ನಲ್ಲಿ, ಮಗು ಬಿಡುವ ಉಸಿರು ಹೊರಹೋಗುವ ನಳಿಕೆಯ ತುದಿಯನ್ನು ನೀರಿನ ಬಾಟಲಿಯಲ್ಲಿ 5 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿಡುತ್ತಾರೆ. ಎಷ್ಟು ಆಳವೋ ಅಷ್ಟು ಒತ್ತಡ ಎದೆಯೊಳಗೆ ಉಳಿಯುತ್ತದೆ. ಬಾಟಲಿಯಲ್ಲಿ ಗುಳುಗುಳು ಸದ್ದು ಬರುತ್ತಿದ್ದರೆ ಒತ್ತಡ ಸರಿಯಾಗಿದೆ ಎಂದರ್ಥ. ಸದ್ದು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ, ನರ್ಸ್ ಬಂದು ಮೂಗಿನ ನಳಿಕೆ ಸರಿಮಾಡುತ್ತಾರೆ. ಆ ಒತ್ತಡ ಉಳಿದ ನೀರನ್ನು ಅಂಗಾಂಶಕ್ಕೆ ತಳ್ಳುತ್ತದೆ.

ಸಿಪ್ಯಾಪ್‌ನಿಂದ ತೊಂದರೆ ಇಲ್ಲವೇ ಇಲ್ಲ ಎನ್ನಲಾರೆ. ನಳಿಕೆ ಒತ್ತಿ ಮೂಗಿನ ನಡುಗೋಡೆ ಕೆಂಪಾಗಬಹುದು, ಹೊಟ್ಟೆ ಉಬ್ಬರಿಸಬಹುದು. ಅಪರೂಪಕ್ಕೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿಕೊಳ್ಳಬಹುದು. ಸ್ಥಿರವಾಗಿದ್ದ ಮಗು ಥಟ್ಟನೆ ಕೆಟ್ಟರೆ ವೈದ್ಯರು ಮೊದಲು ನೋಡುವುದು ಇದನ್ನೇ. ಆಕ್ಸಿಜನ್ ಕೊಡುವಾಗ ರಕ್ತದಲ್ಲಿ ಅದರ ಮಟ್ಟವನ್ನು ಶೇ. 90ರಿಂದ 95ರ ನಡುವೆ ಇಡುತ್ತಾರೆ. ಒಮ್ಮೆ ಕೊಟ್ಟರೆ ರೂಢಿಯಾಗಿಬಿಡುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ.

ಆಂಟಿಬಯಾಟಿಕ್ ಕೊಟ್ಟದ್ದರಿಂದ ಸೋಂಕು ಇದ್ದೇ ಇತ್ತು ಎಂದು ತಿಳಿಯಬೇಡಿ. ಮೊದಲ ಗಂಟೆಗಳಲ್ಲಿ ಟಿಟಿಎನ್, ನ್ಯುಮೋನಿಯಾ, ರಕ್ತದ ಸೋಂಕು ಮೂರೂ ಒಂದೇ ಥರ ಕಾಣುತ್ತವೆ. ಹುಟ್ಟಿನಿಂದಲೇ ಹೃದಯದ ದೋಷ ಇದ್ದರೂ, ದಿನ ತುಂಬದ ಮಗುವಿಗೆ ಶ್ವಾಸಕೋಶ ಅರಳಿಸುವ ಸರ್ಫ್ಯಾಕ್ಟಂಟ್ ಕೊರತೆ ಇದ್ದರೂ ಶುರುವಿನಲ್ಲಿ ಹೀಗೇ ಇರಬಹುದು. ಎಕ್ಸ್‌ರೇಯಲ್ಲಿ ಹೃದಯದ ಅಕ್ಕಪಕ್ಕದಿಂದ ಹೊರಚಾಚಿದ ಬಿಳಿ ಗೆರೆಗಳು, ಬಲ ಶ್ವಾಸಕೋಶದ ಹಾಲೆಗಳ ನಡುವೆ ತೆಳ್ಳಗೆ ನಿಂತ ನೀರು ಕಂಡರೆ ಟಿಟಿಎನ್ ಕಡೆಗೆ ವಾಲುತ್ತೇವೆ. ಪೂರ್ತಿ ಖಚಿತವಾಗುವುದು ಕಾದು ನೋಡಿದಾಗಲೇ. ಟಿಟಿಎನ್ ಆದರೆ ಗಂಟೆ ಕಳೆದಂತೆ ಇಳಿಯಬೇಕು. 24 ಗಂಟೆಯ ಮೇಲೂ ಆಕ್ಸಿಜನ್ ಹೆಚ್ಚು ಹೆಚ್ಚು ಬೇಕಾದರೆ, 72 ಗಂಟೆ ದಾಟಿದರೂ ಏದುಸಿರು ನಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಅಲ್ಲಿಯವರೆಗೆ ರಕ್ತದ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಕಳಿಸಿ ಆಂಪಿಸಿಲಿನ್, ಜೆಂಟಾಮೈಸಿನ್‌ನಂಥ ಔಷಧ ಶುರುಮಾಡಿ, 36ರಿಂದ 48 ಗಂಟೆಯಲ್ಲಿ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ನಿಲ್ಲಿಸುವುದು ವಾಡಿಕೆ. ನಿಮ್ಮ ಮಗುವಿಗೆ ಎರಡೇ ದಿನಕ್ಕೆ ನಿಲ್ಲಿಸಿದ್ದು ಒಳ್ಳೆಯ ಕ್ರಮ. ಎಲ್ಲ ಸರಿಯಿದ್ದರೂ ‘ಇರಲಿ’ ಎಂದು ಏಳು ದಿನ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಹಾಲು ಕೊಡದೆ ಗ್ಲೂಕೋಸ್ ಹಾಕಿದರೆಂದು ಬಹಳ ತಾಯಂದಿರು ನೊಂದುಕೊಳ್ಳುತ್ತಾರೆ. ಉಸಿರು ನಿಮಿಷಕ್ಕೆ 80 ದಾಟಿದಾಗ ಚೀಪಿ ನುಂಗಿ ಉಸಿರಾಡುವುದನ್ನು ಮಗು ಹೊಂದಿಸಲಾರದು, ಹಾಲು ಶ್ವಾಸನಾಳಕ್ಕೆ ಹೋದೀತು. 60ರಿಂದ 80ರ ನಡುವೆ ಇದ್ದಾಗ ಬಾಯಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕಿ ತಾಯಿಯ ಹಾಲನ್ನೇ ಕೊಡಬಹುದು. 60ಕ್ಕಿಂತ ಇಳಿದ ಮೇಲೆ ಒಳಲೆಯಲ್ಲಿ ಅಥವಾ ನೇರ ಎದೆಗೆ. ನಿಮ್ಮ ನಾದಿನಿಗೆ ಒಂದು ಮಾತು ಮುಂಚೆಯೇ ಹೇಳಿಟ್ಟಿರಿ: ಮಗು ಪಕ್ಕದಲ್ಲಿ ಇಲ್ಲದಿದ್ದರೂ ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣುಹಾಲನ್ನು ಕೈಯಿಂದ ಹಿಂಡಬೇಕು, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮೊದಲ ದಿನ ನಾಲ್ಕೈದು ಹನಿ ಬಂದರೂ ಅದು ಸೋಲಲ್ಲ. ಹಿಂಡದೆ ಬಿಟ್ಟರೆ ಮಗು ವಾಪಸು ಬರುವ ಹೊತ್ತಿಗೆ ಹಾಲು ಹಿಂಜರಿದಿರುತ್ತದೆ.

ಈಗಿನ ಉಸಿರು, ಮೂಗಿನ ಸದ್ದು

ನೀವು ಬರೆದ ‘ಬೇಗ ಬೇಗ, ಆಮೇಲೆ ನಿಲ್ಲಿಸಿ, ಮತ್ತೆ ಶುರು’ ಎನ್ನುವುದು ಎಳೆಯ ಮಕ್ಕಳ ಸಹಜ ಉಸಿರಾಟ. ನಿದ್ದೆಯಲ್ಲಿ 5ರಿಂದ 10 ಸೆಕೆಂಡ್ ನಿಂತು, ಬಣ್ಣ ಬದಲಾಗದೆ ಮತ್ತೆ ಶುರುವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಇದು ಇದ್ದದ್ದೇ. ಹಾಗಾಗಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎಣಿಸಬೇಕಾದ ಕ್ರಮ ಹೀಗೆ: ಮಗು ಮಲಗಿರುವಾಗ ಅಥವಾ ಸುಮ್ಮನಿರುವಾಗ, ಹಾಲು ಕುಡಿದು ಅರ್ಧ ಗಂಟೆಯಾದ ಮೇಲೆ, ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಮೊಬೈಲಿನ ಟೈಮರ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಹೆಚ್ಚು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಎರಡನೆಯ ಸಲವೂ 60 ದಾಟಿದರೆ ಅದೇ ದಿನ ವೈದ್ಯರಲ್ಲಿಗೆ.

ಕಾಯದೆ ಹೊರಡಬೇಕಾದ ಲಕ್ಷಣಗಳು ಬೇರೆ: ಉಸಿರು ಬಿಡುವಾಗಲೆಲ್ಲ ನರಳಿಕೆ, ಎದೆಯ ಕೆಳಭಾಗ ಗುಳಿ ಬೀಳುವುದು, ತುಟಿ ಅಥವಾ ನಾಲಿಗೆ ನೀಲಿಯಾಗುವುದು, 20 ಸೆಕೆಂಡಿಗಿಂತ ಹೆಚ್ಚು ಉಸಿರು ನಿಲ್ಲುವುದು, ಹಾಲು ಬಿಡುವುದು, ಎಬ್ಬಿಸಿದರೂ ಏಳದಷ್ಟು ಮಂಕು, ಕಂಕುಳಿನ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಅಂಗೈ ಅಂಗಾಲು ಮಾತ್ರ ತಣ್ಣಗಾಗಿ ನೀಲಿ ಕಂಡರೆ ಹೆದರಬೇಡಿ, ಬೆಚ್ಚಗೆ ಹೊದಿಸಿ ನೋಡಿ.

ಮೂಗಿನ ಗೊರಗೊರ ಶ್ವಾಸಕೋಶದ್ದಲ್ಲ. ಎಳೆ ಮೂಗಿನ ದಾರಿ ಕಿರಿದು, ಸ್ವಲ್ಪ ಸಿಂಬಳಕ್ಕೂ ಸದ್ದು ಬರುತ್ತದೆ. ಹಾಲು ಕುಡಿಯಲು ಅಡ್ಡಿಯಾದರೆ ಮಾತ್ರ ಮೆಡಿಕಲ್ ಶಾಪಿನ ಸಲೈನ್ ಹನಿ, ಪ್ರತಿ ಹೊಳ್ಳೆಗೆ ಒಂದೆರಡು. ಮೂಗಿಗೆ ಎಣ್ಣೆ ಬಿಡುವುದು, ಎರೆಯುವಾಗ ಬಾಯಿಟ್ಟು ಊದುವುದು ಎರಡನ್ನೂ ನಿಲ್ಲಿಸಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಟಿಟಿಎನ್‌ಗಿಂತ ಕೆಟ್ಟ ನ್ಯುಮೋನಿಯಾ ಆಗುತ್ತದೆ. ಎರೆದ ಮೇಲೆ ಸಾಂಬ್ರಾಣಿ ಹೊಗೆ, ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಬೇಡವೇ ಬೇಡ. ಅತ್ತೆಯವರ ಮನಸ್ಸು ನೋಯಿಸದೆ ಹೇಳಬೇಕಾದರೆ ‘ಡಾಕ್ಟರು ಎದೆಗೆ ಹೊಗೆ ಬೇಡ ಅಂದಿದ್ದಾರೆ’ ಎಂದು ನನ್ನ ಮೇಲೆ ಹಾಕಿ. ಬೆಚ್ಚಗಿಡಲು ಟೋಪಿ, ಸಾಕ್ಸ್, ನಿಮ್ಮ ಎದೆಗೆ ಒರಗಿಸಿಕೊಳ್ಳುವುದು ಸಾಕು.

ಆಸ್ತಮಾ ವಿಷಯಕ್ಕೆ ಬಂದರೆ, ಟಿಟಿಎನ್ ಆದ ಮಕ್ಕಳಲ್ಲಿ ಮುಂದೆ ಉಬ್ಬಸ ಸ್ವಲ್ಪ ಹೆಚ್ಚು ಕಂಡಿದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಟಿಟಿಎನ್ನೇ ಅದಕ್ಕೆ ಕಾರಣ ಎಂದು ಸಾಬೀತಾಗಿಲ್ಲ. ತಾಯಿಯ ಆಸ್ತಮಾ, ವಂಶದ ಅಲರ್ಜಿಯಂಥವು ಟಿಟಿಎನ್, ಉಬ್ಬಸ ಎರಡಕ್ಕೂ ಸಾಮಾನ್ಯ ಮೂಲ ಇರಬಹುದು. ಬಹುಪಾಲು ಮಕ್ಕಳ ಶ್ವಾಸಕೋಶದಲ್ಲಿ ಏನೂ ಉಳಿಯುವುದಿಲ್ಲ. ವಿಶೇಷ ಔಷಧ, ನೆಬ್ಯುಲೈಸರ್, ಮತ್ತೆ ಮತ್ತೆ ಎಕ್ಸ್‌ರೇ ಯಾವುದೂ ಬೇಡ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಅದನ್ನು ನಿಲ್ಲಿಸುವುದು ಎಲ್ಲ ಟಾನಿಕ್‌ಗಿಂತ ದೊಡ್ಡದು.

ಎನ್‌ಐಸಿಯು ಗಡಿಬಿಡಿಯಲ್ಲಿ ಬಿಟ್ಟುಹೋಗುವ ಎರಡು ಸಂಗತಿ ಪರಿಶೀಲಿಸಿ. ತಾಯಿ ಕಾರ್ಡಿನಲ್ಲಿ ಬಿಸಿಜಿ ಹಾಕಿದ ಗುರುತು ಇದೆಯೇ ನೋಡಿ, ಇಲ್ಲದಿದ್ದರೆ ಈಗಲೂ ಹಾಕಿಸಬಹುದು. ಇನ್ನೊಂದು, ಕಿವಿ ಕೇಳಿಸುತ್ತದೆಯೇ ಎಂದು ನೋಡುವ ಓಎಇ ಪರೀಕ್ಷೆ. ಎಲ್ಲ ಮಕ್ಕಳಿಗೂ ತಿಂಗಳೊಳಗೆ ಆಗಬೇಕಾದದ್ದು, ಜೆಂಟಾಮೈಸಿನ್ ಕೊಟ್ಟ ಮಗುವಿಗೆ ಮರೆಯಲೇಬಾರದು.

ನಾದಿನಿಯ ತಾರೀಖು

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಬೇರೆ ತೊಂದರೆ ಇಲ್ಲದಿದ್ದರೆ 37 ವಾರಕ್ಕೆ ಬೇಡ, 39 ವಾರ ತುಂಬಲಿ. ಡೆನ್ಮಾರ್ಕಿನಲ್ಲಿ 34 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಗೊತ್ತುಮಾಡಿದ ಸಿಸೇರಿಯನ್ 37ನೆಯ ವಾರದಲ್ಲಿ ಆದಾಗ 100 ಮಕ್ಕಳಲ್ಲಿ 10 ಮಕ್ಕಳಿಗೆ ಉಸಿರಿನ ತೊಂದರೆ ಬಂದಿತ್ತು. 38ನೆಯ ವಾರದಲ್ಲಿ ಅದು ಸುಮಾರು 5, 39ರಲ್ಲಿ 2. ಸಹಜ ಹೆರಿಗೆಗೆ ಕಾದವರಲ್ಲಿ ಅದೇ ವಾರಗಳಲ್ಲಿ ಸುಮಾರು 3, 2 ಮತ್ತು 1. ಎರಡು ವಾರ ಕಾದರೆ ತೊಂದರೆ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಷ್ಟು ಫಲ ಕೊಡುವ ಔಷಧ ನಮ್ಮ ಬಳಿ ಇಲ್ಲ.

ವಾರದ ಲೆಕ್ಕವೇ ತಪ್ಪಿರುವುದೂ ಉಂಟು. 13 ವಾರದೊಳಗಿನ ಸ್ಕ್ಯಾನ್ ಹೆಚ್ಚೆಂದರೆ ಒಂದು ವಾರದಷ್ಟು ಆಚೀಚೆ ಆಗುತ್ತದೆ. ಎಂಟನೆಯ ತಿಂಗಳ ಸ್ಕ್ಯಾನ್ ಮೂರು ವಾರ ತಪ್ಪಬಹುದು. ಮೊದಲ ಸ್ಕ್ಯಾನ್ ಇಲ್ಲದೆ, ಮುಟ್ಟಿನ ದಿನವೂ ನೆನಪಿಲ್ಲದೆ ‘37’ ಎಂದು ಬರೆದಿದ್ದರೆ ಅದು ನಿಜದಲ್ಲಿ 35 ಆಗಿರಬಹುದು. ನಾದಿನಿಯ ಮೊದಲ ಸ್ಕ್ಯಾನ್ ರಿಪೋರ್ಟ್ ಹುಡುಕಿ ತೆಗೆದು, ಅದರ ಪ್ರಕಾರ ತಾರೀಖನ್ನು ಮತ್ತೆ ಎಣಿಸಿಸಿ.

ಮುಹೂರ್ತ ಬೇಡವೆಂದು ಮನೆಯವರೊಂದಿಗೆ ಜಗಳಕ್ಕೆ ಇಳಿಯಬೇಕಿಲ್ಲ. 39 ವಾರ ತುಂಬಿದ ದಿನದಿಂದ ಮುಂದಿನ ಆರು ದಿನಗಳ ತಾರೀಖು ಬರೆದು ಜೋಯಿಸರ ಕೈಗೆ ಕೊಡಿ, ‘ಇದರೊಳಗೆ, ಹಗಲು ಹೊತ್ತಿನಲ್ಲಿ ನೋಡಿ’ ಎನ್ನಿ. ಬೆಳಗಿನ ಜಾವ ಮೂರಕ್ಕೆ ಶುಭ ಗಳಿಗೆ ಇರಬಹುದು. ಆ ಹೊತ್ತಿಗೆ ಮಕ್ಕಳ ವೈದ್ಯರೂ ನುರಿತ ನರ್ಸ್‌ಗಳೂ ಕಡಿಮೆ ಇರುತ್ತಾರೆ.

ಕಾಯಬಾರದ ಸಂದರ್ಭಗಳೂ ಇವೆ. ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಮಾಸು ಗರ್ಭದ ಬಾಯಿಗೆ ಅಡ್ಡವಿದ್ದರೆ, ಮಗುವಿನ ಬೆಳವಣಿಗೆ ನಿಂತಿದ್ದರೆ, ಸಕ್ಕರೆ ಹತೋಟಿಗೆ ಬರದಿದ್ದರೆ, ಹಿಂದಿನ ಆಪರೇಷನ್ನಿನಲ್ಲಿ ಗರ್ಭಕೋಶವನ್ನು ಮೇಲಿಂದ ಕೆಳಕ್ಕೆ ಕೊಯ್ದಿದ್ದರೆ 39ರವರೆಗೆ ಕಾಯುವುದೇ ಅಪಾಯ. ಆಗ ಮೂರು ದಿನದ ಏದುಸಿರು ಚಿಕ್ಕ ಬೆಲೆ. ಆದ್ದರಿಂದ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದು: ‘37ಕ್ಕೇ ಮಾಡಲು ವೈದ್ಯಕೀಯ ಕಾರಣ ಇದೆಯಾ?’ ಇದ್ದರೆ ಮರುಮಾತಿಲ್ಲ.

ಬೇಗ ಮಾಡಲೇಬೇಕಾದರೆ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಮಗುವಿನ ಉಸಿರಿನ ತೊಂದರೆ ಅದರಿಂದ ಕಡಿಮೆಯಾಗುತ್ತದೆ, ಆದರೆ ಹುಟ್ಟಿದ ಮೇಲೆ ರಕ್ತದ ಸಕ್ಕರೆ ಇಳಿಯುವ ಸಂಭವ ಹೆಚ್ಚುತ್ತದೆ. 34 ವಾರಕ್ಕಿಂತ ಮೊದಲು ಹೆರಿಗೆಯಾಗುವಂತಿದ್ದರೆ ಅದು ಜೀವ ಉಳಿಸುವ ಔಷಧ. ಬರೀ ಮುಹೂರ್ತಕ್ಕಾಗಿ 37ರಲ್ಲಿ ಅದನ್ನು ಕೊಡಿಸಿಕೊಳ್ಳುವುದು ನನಗೆ ಸರಿಕಾಣದು.

ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ: ಹೆರಿಗೆಯ ಹೊತ್ತಿಗೆ ಮಕ್ಕಳ ವೈದ್ಯರು ಇರುತ್ತಾರೆಯೇ, ಸಿಪ್ಯಾಪ್ ಇದೆಯೇ, ಇಲ್ಲದಿದ್ದರೆ ಮಗುವನ್ನು ಎಲ್ಲಿಗೆ ಕಳಿಸುತ್ತಾರೆ. ಜಿಲ್ಲಾಸ್ಪತ್ರೆಗಳ ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ನವಜಾತ ಶಿಶುವಿನ ಚಿಕಿತ್ಸೆ, ಸಾಗಣೆ ಉಚಿತ. ಮಗು ಅಳುತ್ತಾ ಹುಟ್ಟಿದರೆ ಒಂದು ನಿಮಿಷ ಕಾದು ಹೊಕ್ಕುಳಬಳ್ಳಿ ಕತ್ತರಿಸಲು, ತಾಯಿಯ ಎದೆಯ ಮೇಲೆ ಮಲಗಿಸಲು ಕೇಳಿಕೊಳ್ಳಬಹುದು. ಮೊದಲ ದಿನ ಸ್ನಾನ ಬೇಡ. ಮೈ ತಣ್ಣಗಾದರೆ ಏದುಸಿರು ಹೆಚ್ಚುತ್ತದೆ.

ಕೊನೆಗೆ, 39ಕ್ಕೆ ದಿನ ಗೊತ್ತುಮಾಡಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದಕ್ಕೂ ಮೊದಲೇ ನೋವು ಬರುತ್ತದೆ. ಹಿಂದೆ ಸಿಸೇರಿಯನ್ ಆಗಿರುವುದರಿಂದ ಹಳೆಯ ಹೊಲಿಗೆ ಬಿಡುವ ಅಪಾಯವಿದೆ. ಸಹಜ ಹೆರಿಗೆಗೆ ಪ್ರಯತ್ನಿಸಿದಾಗ ಅದು ಸಾವಿರಕ್ಕೆ ಐದರ ಆಸುಪಾಸು. ನೋವು ಬಂದರೆ, ನೀರು ಒಡೆದರೆ, ರಕ್ತ ಕಂಡರೆ ಗೊತ್ತುಮಾಡಿದ ದಿನಕ್ಕೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಬ್ಯಾಗು, ಸ್ಕ್ಯಾನ್ ರಿಪೋರ್ಟು, ತಾಯಿ ಕಾರ್ಡು 36ನೆಯ ವಾರಕ್ಕೇ ಒಂದೆಡೆ ಇಟ್ಟಿರಲಿ. ಹಾಗೆ ನೋವು ಬಂದ ಮೇಲೆ ಆಪರೇಷನ್ ಆದರೆ ಮನೆಯವರಿಗೆ ಗಾಬರಿಯಾಗಬಹುದು. ಮಗುವಿನ ಶ್ವಾಸಕೋಶಕ್ಕೆ ಮಾತ್ರ ಅದರಿಂದ ಅನುಕೂಲವೇ.